ತಿದ್ದದ ಅಳಲು, ತಿದ್ದಿದ ಕವಿತೆ

ಅಪಘಾತದಲ್ಲಿ ತಮ್ಮನನ್ನು ಕಳೆದುಕೊಂಡು, ಅದೇ ಕಾರಿನಲ್ಲಿದ್ದೂ ಬದುಕುಳಿದ ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ ಇದು: ‘ಬರೆದರೆ ಮನಸ್ಸು ಹಗುರವಾಗುತ್ತದೆ ಎಂದು ಎಲ್ಲರೂ ಹೇಳಿದರು. ತೋಚಿದ್ದನ್ನೆಲ್ಲ ಒಂದಕ್ಷರವನ್ನೂ ತಿದ್ದದೆ ಎರಡು ನೋಟ್‌ಬುಕ್ ತುಂಬ ಬರೆದೆ. ಹಗುರವಾಗಲಿಲ್ಲ. ಗಾಯ ಕೆದಕಬೇಡ, ಸುಟ್ಟುಬಿಡು ಎನ್ನುತ್ತಾರೆ ದೊಡ್ಡಪ್ಪ. ಕವಿತೆ ನೋವನ್ನು ಮಾಗಿಸುತ್ತದೆ ಎಂದು ನಿಮ್ಮಂಥವರು ಬರೆಯುವುದು ಬರಿಯ ಮಾತೇ?’

ಪ್ರಿಯ ಸಹೋದರಿ,

ನಿಮ್ಮ ದೊಡ್ಡಪ್ಪನವರ ಕಾಳಜಿ ಸುಳ್ಳಲ್ಲ. ಬರೆಯುತ್ತ ಇನ್ನಷ್ಟು ಕುಸಿದವರೂ ಇದ್ದಾರೆ. ವೈದ್ಯರು ಕೊಟ್ಟ ಔಷಧಿಯನ್ನು ಯಾವ ಕವಿತೆಯನ್ನು ನಂಬಿಯೂ ನಿಲ್ಲಿಸಬೇಡಿ. ರಾತ್ರಿ ತಡೆಯಲಾಗದಂತಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಷ್ಟನ್ನು ಒಪ್ಪಿಕೊಂಡ ಮೇಲೆ, ನಿಮ್ಮ ಪತ್ರದ ಒಂದು ಮಾತನ್ನು ಮಾತ್ರ ನಾನು ಹಾಗೆಯೇ ಬಿಡಲಾರೆ. ‘ಒಂದಕ್ಷರವನ್ನೂ ತಿದ್ದದೆ’ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದೀರಲ್ಲ, ನೀವು ನಿಂತದ್ದು ಅಲ್ಲಿಯೇ ಎಂದು ನನಗನ್ನಿಸುತ್ತದೆ.

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಅತ್ಯಂತ ನೋವಿನ ಅನುಭವವನ್ನು ಬರೆದರು. ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರಿಗೆ ಬರೆದ ಕೂಡಲೇ ಮನಸ್ಸು ಭಾರವಾಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದ್ದು ಕಡಿಮೆ. ಆಮೇಲಿನ ಹಲವು ಅಧ್ಯಯನಗಳು ಈ ಲಾಭ ಸಣ್ಣದೆಂದೇ ತೋರಿಸಿವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಅಂಥ ಬರಹಗಳ ಭಾಷೆಯನ್ನು ಪರಿಶೀಲಿಸಿದಾಗ, ದಿನದಿಂದ ದಿನಕ್ಕೆ ‘ಏಕೆಂದರೆ’, ‘ಈಗ ತಿಳಿಯಿತು’ ಎಂಬಂಥ ಮಾತುಗಳು ಹೆಚ್ಚುತ್ತ ಹೋದವರು, ಎಂದರೆ ಚದುರಿದ್ದಕ್ಕೆ ಒಂದು ಜೋಡಣೆ ಕಂಡುಕೊಂಡವರು, ಹೆಚ್ಚು ಚೇತರಿಸಿಕೊಂಡಿದ್ದರು.

ಇದಕ್ಕಿಂತ ದೊಡ್ಡ ಸಾಕ್ಷ್ಯ ಪ್ರಾಗ್ ನಗರದ ಯಹೂದಿ ವಸ್ತುಸಂಗ್ರಹಾಲಯದಲ್ಲಿದೆ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅವರನ್ನು ನಾಜಿಗಳು 1942ರ ಡಿಸೆಂಬರಿನಲ್ಲಿ ಟೆರೆಜಿನ್ ಬಂಧನ ಶಿಬಿರಕ್ಕೆ ಸಾಗಿಸಿದಾಗ, ಒಯ್ಯಲು ಅನುಮತಿಯಿದ್ದ ಸ್ವಲ್ಪವೇ ಸಾಮಾನಿನಲ್ಲಿ ಅವರು ಬಣ್ಣ, ಕಾಗದಗಳಿಗೂ ಜಾಗ ಮಾಡಿದರು. ಹಸಿವು, ರೋಗ ಮತ್ತು ಸಾವಿನ ಶಿಬಿರಗಳಿಗೆ ಹೊರಡುವ ಮುಂದಿನ ರೈಲಿನ ಭಯದ ನಡುವೆ ಬದುಕುತ್ತಿದ್ದ ಮಕ್ಕಳಿಗೆ ಆಕೆ ‘ನಿಮ್ಮ ದುಃಖವನ್ನು ಬಿಡಿಸಿ’ ಎಂದು ಪಾಠ ಹೇಳಲಿಲ್ಲ. ಗೆರೆಯ ಲಯ ಹಿಡಿಯುವ ಅಭ್ಯಾಸ ಮಾಡಿಸಿದರು, ರದ್ದಿ ಕಾಗದ ಕತ್ತರಿಸಿ ಅಂಟಿಸುವ ಚಿತ್ರಗಳನ್ನು ಹೇಳಿಕೊಟ್ಟರು, ವರ್ಮೀರನಂಥ ಹಳೆಯ ಚಿತ್ರಕಾರರ ಕೃತಿಗಳನ್ನು ನೋಡಿ ಅವುಗಳ ಕಟ್ಟೋಣವನ್ನು ಅರಿಯುವಂತೆ ಮಾಡಿದರು, ಪ್ರತಿ ಹಾಳೆಯ ಮೇಲೂ ಮಗು ತನ್ನ ಹೆಸರು ಬರೆಯಬೇಕೆಂದು ಒತ್ತಾಯಿಸಿದರು. ಕೈದಿಯ ಸಂಖ್ಯೆಯಾಗಿಬಿಟ್ಟಿದ್ದ ಮಗುವಿಗೆ ಹಾಳೆಯ ಮೂಲೆಯಲ್ಲಿ ತನ್ನ ಹೆಸರು ಮರಳಿ ಸಿಕ್ಕಿತು. ಆ ಮಕ್ಕಳು ಹೂವು, ಚಿಟ್ಟೆ, ಬಿಟ್ಟುಬಂದ ಮನೆಗಳನ್ನು ಬಿಡಿಸಿದರು. 1944ರ ಅಕ್ಟೋಬರಿನಲ್ಲಿ ಆಶ್ವಿಟ್ಜ್‌ಗೆ ಸಾಗಿಸಲ್ಪಡುವ ಮುನ್ನ ಆಕೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ಉಳಿಸಿದರು. ಅಲ್ಲಿ ಆಕೆಯನ್ನು ಕೊಂದರು, ಚಿತ್ರ ಬರೆದ ಮಕ್ಕಳಲ್ಲಿ ಬಹುಪಾಲು ಜನರನ್ನೂ ಕೊಂದರು. ಕಲೆ ಅವರ ಪ್ರಾಣ ಉಳಿಸಲಿಲ್ಲ. ಆದರೂ ಪ್ರಾಗ್‌ನಲ್ಲಿ ಆಕೆಯ ಬಳಿ ಕಲಿತಿದ್ದ ಈಡಿತ್ ಕ್ರೇಮರ್ ಮುಂದೆ ಅಮೆರಿಕದಲ್ಲಿ ಕಲಾ ಚಿಕಿತ್ಸೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದರೆಂಬುದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ದೂರ ಹೋಗಬೇಕಾಗಿಯೂ ಇಲ್ಲ. ಹಲವು ಮಕ್ಕಳನ್ನು ಕಳೆದುಕೊಂಡ ಬೇಂದ್ರೆಯವರು ‘ನೀ ಹೀಂಗ ನೋಡಬ್ಯಾಡ ನನ್ನ’ ಎಂದು ಹೆಂಡತಿಗೆ ಹೇಳುವ ಕವಿತೆಯನ್ನು ಧಾರವಾಡದ ಆಡುಮಾತಿನಲ್ಲಿ, ಪ್ರಾಸ ತಪ್ಪದ ಹಾಡಿನ ಧಾಟಿಯಲ್ಲಿ ಕಟ್ಟಿದರು. ಆಕೆಯ ಮುಖ ಅಲ್ಲಿ ಹಗಲಿನ ಮುಗಿಲಿನಲ್ಲಿ ತೇಲುವ ಹುಣ್ಣಿಮೆ ಚಂದ್ರನ ಹೆಣವಾಗುತ್ತದೆ. ಅಂಥ ಪ್ರತಿಮೆಯನ್ನು ತಡೆದು ಹಿಡಿಯಲು ಆ ಲಯ ಬೇಕೇ ಬೇಕಿತ್ತು. ಇಲ್ಲದಿದ್ದರೆ ಕವಿಗೂ ನಮಗೂ ಅದನ್ನು ನೋಡುವ ಧೈರ್ಯ ಬರುತ್ತಿರಲಿಲ್ಲ. ನಮ್ಮ ಅಜ್ಜಿಯರು ತವರಿನ ಅಗಲಿಕೆಯನ್ನೂ ಬಂಜೆಯೆಂಬ ನಿಂದೆಯನ್ನೂ ಬೀಸುವ ಕಲ್ಲಿನ ಮುಂದೆ ತ್ರಿಪದಿಯಲ್ಲಿ ಹಾಡಿಕೊಂಡದ್ದೂ ಹಾಗೆಯೇ. ಮೂರು ಸಾಲಿಗೆ ನೋವು ಒಮ್ಮೆ ನಿಲ್ಲುತ್ತಿತ್ತು, ಉಸಿರು ತೆಗೆದುಕೊಂಡು ಮುಂದಿನ ಪದ ಎತ್ತಿಕೊಳ್ಳಬಹುದಿತ್ತು.

ಈ ಆಸರೆಯನ್ನು ನಾವು ಕೈಯಾರೆ ಕಳೆದುಕೊಳ್ಳುತ್ತಿದ್ದೇವೆ. ಪದ್ಯವೆಂದರೆ ಸಂದರ್ಭ ಸಹಿತ ವಿವರಿಸುವ ಅಂಕಗಳ ಪ್ರಶ್ನೆಯೆಂದು ಮಕ್ಕಳಿಗೆ ಕಲಿಸುತ್ತೇವೆ. ಚಿತ್ರಕಲೆಯ ತರಗತಿಯನ್ನು ಪರೀಕ್ಷೆ ಹತ್ತಿರ ಬಂದ ಕೂಡಲೇ ಗಣಿತಕ್ಕೆ ಬಿಟ್ಟುಕೊಡುತ್ತೇವೆ. ಹಾಗೆ ಬೆಳೆದವರು ನಡುವಯಸ್ಸಿನಲ್ಲಿ ಸಾವಿನ ಎದುರು ನಿಂತಾಗ ‘ಬರೆದು ಹಗುರಾಗಿ’ ಎಂದು ಬರಿಗೈಯಲ್ಲಿ ಕಳುಹಿಸುತ್ತೇವೆ. ನಿಮಗೆ ಆದದ್ದೂ ಇದೇ. ನಿಮ್ಮ ತಪ್ಪಿಗಿಂತ ನಮ್ಮ ಶಾಲೆಗಳ ಮತ್ತು ನಮ್ಮಂಥ ಪತ್ರಿಕೆಗಳ ತಪ್ಪು ಇದರಲ್ಲಿ ಹೆಚ್ಚು.

ಆದ್ದರಿಂದ ನೋಟ್‌ಬುಕ್ ಸುಡಬೇಡಿ. ಅಪಘಾತದ ರಾತ್ರಿಯ ಪುಟಗಳನ್ನು ಈಗಲೇ ತೆರೆಯುವುದೂ ಬೇಡ. ತಮ್ಮನ ನಡಿಗೆಯೋ ನಗುವೋ ಇರುವ ಒಂದು ಪುಟ ಆರಿಸಿ, ಅದನ್ನು ಆರು ಸಾಲಿಗೆ ಇಳಿಸಿ, ಗಟ್ಟಿಯಾಗಿ ಓದಿ, ಕಿವಿಗೆ ಒಗ್ಗದ ಶಬ್ದವನ್ನು ಬದಲಿಸಿ, ವಾರ ಬಿಟ್ಟು ಮತ್ತೆ ನೋಡಿ. ಪ್ರಕಟಣೆಯ ಯೋಚನೆ ಬೇಡ. ಯಾರಿಗಾದರೂ ತೋರಿಸಬೇಕೆನಿಸಿದರೆ ನನ್ನ ಹೆಸರಿಗೆ ಕಚೇರಿಯ ವಿಳಾಸಕ್ಕೆ ಕಳುಹಿಸಿ. ಓದಿ, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ ಹಿಂದಿರುಗಿಸುತ್ತೇನೆ.

— ಸಂಪಾದಕ