ರಸ್ಟ್ ಕಂಪೈಲರ್ ಏಕೆ ಇಷ್ಟು ತಕರಾರು ಮಾಡುತ್ತದೆ?

ಪ್ರಶ್ನೆ: ಹಲವು ವರ್ಷ ಜಾವಾದಲ್ಲಿ ಕೆಲಸ ಮಾಡಿ ಈಚೆಗೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯತೊಡಗಿದ್ದೇನೆ. ಹೆಸರುಗಳ ಪಟ್ಟಿಯೊಂದನ್ನು ಫಂಕ್ಷನ್‌ಗೆ ಕೊಟ್ಟು, ಮುಂದಿನ ಸಾಲಿನಲ್ಲಿ ಅದನ್ನೇ ಬಳಸಿದರೆ ಕಂಪೈಲರ್ (ಬರೆದ ಕೋಡನ್ನು ಯಂತ್ರಭಾಷೆಗೆ ಬದಲಿಸುವ ತಂತ್ರಾಂಶ) ಒಪ್ಪುವುದಿಲ್ಲ. ‘ಬೆಂಗಳೂರು’ ಎಂಬ ಪದದ ಉದ್ದ ಕೇಳಿದರೆ 24 ಎನ್ನುತ್ತದೆ. ಜಾವಾ 8 ಎನ್ನುತ್ತಿತ್ತು. ಕಲಿಕೆಯನ್ನು ಮುಂದುವರಿಸಬಹುದೇ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಧಾರಾಳವಾಗಿ ಮುಂದುವರಿಸಿ; ಆದರೆ ಮೊದಲ ವಾರಗಳ ವೇಗವನ್ನು ಜಾವಾದಲ್ಲಿ ನಿಮಗಿರುವ ವೇಗದೊಡನೆ ಹೋಲಿಸಬೇಡಿ. ಜಾವಾದಲ್ಲಿ ಒಂದೇ ಪಟ್ಟಿಯನ್ನು ಎಷ್ಟು ಹೆಸರುಗಳಿಂದ ಬೇಕಾದರೂ ಹಿಡಿದಿಟ್ಟುಕೊಳ್ಳಬಹುದು; ಯಾವ ಹೆಸರೂ ಉಳಿಯದಿದ್ದಾಗ, ಬಳಕೆಯಲ್ಲಿಲ್ಲದ ಮೆಮೊರಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಟರ್ ಅದನ್ನು ತೆರವು ಮಾಡುತ್ತದೆ. 2015ರಲ್ಲಿ 1.0 ಆವೃತ್ತಿಯಾಗಿ ಬಂದ ರಸ್ಟ್‌ನಲ್ಲಿ ಅಂಥ ಕಲೆಕ್ಟರ್ ಇಲ್ಲದ ಕಾರಣ, ಯಾವುದೇ ಮೌಲ್ಯಕ್ಕೆ ಒಂದು ಹೊತ್ತಿಗೆ ಒಬ್ಬನೇ ಮಾಲೀಕ ಎಂಬ ನಿಯಮವಿದ್ದು, ಆ ಮಾಲೀಕನ ವ್ಯಾಪ್ತಿ ಮುಗಿದೊಡನೆ ಮೆಮೊರಿ ಬಿಡುಗಡೆಯಾಗುತ್ತದೆ. ಸೈಟನ್ನು ಇನ್ನೊಬ್ಬರ ಹೆಸರಿಗೆ ನೋಂದಣಿ ಮಾಡಿಕೊಟ್ಟವರು ಮತ್ತೆ ಅದರ ಮೇಲೆ ಸಾಲ ಕೇಳಲಾಗದಷ್ಟೆ. ನಿಮ್ಮ ಪಟ್ಟಿಯೂ ಫಂಕ್ಷನ್‌ನ ಪಾಲಾಗಿ ಹೋಗಿತ್ತು. ಓದಲು ಮಾತ್ರ ಬೇಕಿದ್ದರೆ ಪಟ್ಟಿಯ ಹೆಸರಿಗೆ ಮೊದಲು ‘&’ ಚಿಹ್ನೆ ಹಾಕಿ ಎರವಲು ಕೊಡಿ. ಓದುವ ಎರವಲುಗಳು ಎಷ್ಟಾದರೂ ಇರಬಹುದು, ಆದರೆ ತಿದ್ದುವ ಎರವಲು ಇರುವಾಗ ಬೇರೊಂದು ಎರವಲು ಸಲ್ಲದು.

ಈ ಬಿಗಿಯೇ ಭಾಷೆಯ ಲಾಭವೆಂಬುದು ನನ್ನ ಅಭಿಪ್ರಾಯ. ಲೂಪ್‌ನಲ್ಲಿ ಪಟ್ಟಿಯನ್ನು ಓದುತ್ತಿರುವಾಗಲೇ ಅದರಿಂದ ಹೆಸರೊಂದನ್ನು ತೆಗೆದುಹಾಕಿ, ಜಾವಾ ಪ್ರೋಗ್ರಾಂ ಓಡುವಾಗ ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ ಎಂಬ ದೋಷ ಬಂದುದನ್ನು ನೀವು ಕಂಡಿರಬೇಕು. ರಸ್ಟ್‌ನಲ್ಲಿ ಅದೇ ತಪ್ಪು ಕಂಪೈಲ್ ಹಂತವನ್ನೇ ದಾಟುವುದಿಲ್ಲ. ಕಂಪೈಲರ್ ತೋರಿಸುವ ದೋಷಸಂದೇಶಗಳನ್ನು ಕೊನೆಯ ಸಾಲಿನವರೆಗೆ ಓದಿ: ತಪ್ಪು ಎಲ್ಲಿದೆ ಎಂಬುದರ ಜೊತೆಗೆ ತಿದ್ದುವ ಬಗೆಯನ್ನೂ ಬಹಳ ಸಲ ಅಲ್ಲಿಯೇ ಸೂಚಿಸಿರುತ್ತದೆ.

24ರ ಲೆಕ್ಕ ಸರಳ. ‘ಬೆಂಗಳೂರು’ ಪದದಲ್ಲಿ ಯುನಿಕೋಡ್ ಸಂಕೇತಗಳು 8; ರಸ್ಟ್ ಬಳಸುವ ಯುಟಿಎಫ್-8 ಎಂಬ ಶೇಖರಣಾ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು; ರಸ್ಟ್ ಎಣಿಸಿದ್ದು ಈ ಬೈಟ್‌ಗಳನ್ನು. ನಾವು ಓದುವ 4 ಅಕ್ಷರಗಳನ್ನು ಎರಡು ಭಾಷೆಗಳೂ ಕೊಡಲಿಲ್ಲವೆಂಬುದನ್ನು ಗಮನಿಸಿ; ರಸ್ಟ್‌ನಲ್ಲಿ ಅದಕ್ಕೆ ‘ಯುನಿಕೋಡ್-ಸೆಗ್ಮೆಂಟೇಶನ್’ ಎಂಬ ಪ್ರತ್ಯೇಕ ಕ್ರೇಟ್ (ಕೋಡ್ ಸಂಗ್ರಹ) ಇದೆ.

ಅಭ್ಯಾಸಕ್ಕೆ ಕಡತವೊಂದನ್ನು ಓದಿ ಪದಗಳನ್ನು ಎಣಿಸುವಂಥ ಚಿಕ್ಕ ಪ್ರೋಗ್ರಾಂ ಬರೆಯಿರಿ, ಸಿಕ್ಕಿಕೊಂಡಲ್ಲಿ ಸಂಕೋಚವಿಲ್ಲದೆ, ಮೌಲ್ಯದ ಇನ್ನೊಂದು ಪ್ರತಿ ಮಾಡಿಕೊಡುವ ‘ಕ್ಲೋನ್’ ಬಳಸಿ. ಕಾಲೇಜಿನ ರೂಢಿಯಂತೆ ಡಬ್ಲಿ ಲಿಂಕ್ಡ್ ಲಿಸ್ಟ್‌ನಿಂದ ಮಾತ್ರ ಆರಂಭಿಸಬೇಡಿ. ಅದರ ಪ್ರತಿ ನೋಡ್ (ಕೊಂಡಿ) ಅನ್ನೂ ಹಿಂದಿನ ಮತ್ತು ಮುಂದಿನ ನೋಡ್‌ಗಳೆಂಬ ಎರಡು ಕಡೆಯಿಂದ ಹಿಡಿದಿರಬೇಕಾಗುವುದರಿಂದ, ಒಬ್ಬನೇ ಮಾಲೀಕನೆಂಬ ನಿಯಮಕ್ಕೆ ಅದು ನೇರವಾಗಿ ಅಡ್ಡಬರುತ್ತದೆ.