ಬರಹಗಾರರಿಗೆ ಸಲಹೆ: ಮೆಸ್ಸೀಯನ ಹೆಸರುಗಳ ಬಗ್ಗೆ ಬರೆಯುವಾಗ

ಪ್ರಿಯ ಸಹೋದರಿಯವರಿಗೆ,

ವಂದನೆಗಳು. ಮೆಸ್ಸೀಯನಿಗೆ, ಅಂದರೆ ದೇವರು ಕಳಿಸುವೆನೆಂದ ಅಭಿಷಿಕ್ತ ಅರಸನಿಗೆ, ಪ್ರವಾದಿಗಳು ಕೊಟ್ಟ ಹೆಸರುಗಳ ಕುರಿತ ‘ಮೆಸ್ಸೀಯನ ನಾಮಗಳು’ ಎಂಬ ನಿಮ್ಮ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡಬೇಡಿ, ತಿದ್ದಿ ಮತ್ತೆ ಕಳಿಸಿ. ಏನನ್ನು ತಿದ್ದಬೇಕು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಇಮ್ಮಾನುವೇಲ್, ಅದ್ಭುತ ಆಲೋಚನಾಕರ್ತ, ಪರಾಕ್ರಮಿಯಾದ ದೇವರು, ನಿತ್ಯನಾದ ತಂದೆ, ಸಮಾಧಾನದ ಪ್ರಭು, ಮೊಳಕೆ, ಯೆಹೋವನೇ ನಮ್ಮ ಸದ್ಧರ್ಮ. ಈ ಏಳನ್ನೂ ಒಂದರ ಕೆಳಗೊಂದು ಇಟ್ಟು, ಪ್ರತಿಯೊಂದಕ್ಕೂ ಅರ್ಥ ಕೊಟ್ಟು, ‘ಇದು ಯೇಸುವಿನಲ್ಲಿ ನೆರವೇರಿತು’ ಎಂದು ಮುಗಿಸಿದ್ದೀರಿ. ಮೂರನೆಯ ಹೆಸರು ಬರುವ ಹೊತ್ತಿಗೆ ಮುಂದಿನ ವಾಕ್ಯ ಏನೆಂದು ಓದುಗರಿಗೆ ಗೊತ್ತಾಗಿಬಿಡುತ್ತದೆ. ಕೊಟ್ಟ ಅರ್ಥಗಳಲ್ಲಿ ತಪ್ಪಿಲ್ಲ. ಆದರೆ ಈ ಹೆಸರುಗಳು ಮೊದಲು ಯಾರ ಕಿವಿಗೆ ಬಿದ್ದವು, ಆಗ ಅವರು ಎಂಥ ಸಂಕಟದಲ್ಲಿದ್ದರು ಎಂಬ ಸುಳಿವು ಲೇಖನದಲ್ಲಿ ಎಲ್ಲಿಯೂ ಇಲ್ಲ. ನನ್ನ ಮುಖ್ಯ ತಕರಾರು ಇದೇ.

ಇಮ್ಮಾನುವೇಲನನ್ನೇ ತೆಗೆದುಕೊಳ್ಳಿ; ‘ದೇವರು ನಮ್ಮ ಕೂಡ ಇದ್ದಾನೆ’ ಎಂದು ಆ ಹೆಸರಿನ ಅರ್ಥ. ಕ್ರಿ.ಪೂ. 735ರ ಸುಮಾರು. ಅರಾಮಿನ ಅರಸ ರೆಚೀನನೂ ಉತ್ತರದ ಇಸ್ರಾಯೇಲ್ ರಾಜ್ಯದ ಅರಸ ಪೆಕಹನೂ ಕೂಡಿಕೊಂಡು ಯೆಹೂದದ ರಾಜಧಾನಿ ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದಿದ್ದಾರೆ. ಗಾಳಿಗೆ ಕಾಡಿನ ಮರಗಳು ಅಲ್ಲಾಡುವಂತೆ ಅರಸನ ಎದೆಯೂ ಜನರ ಎದೆಯೂ ನಡುಗಿತು ಎನ್ನುತ್ತಾನೆ ಪ್ರವಾದಿ ಯೆಶಾಯ. ಯೆಹೂದದ ಅರಸ ಆಹಾಜನನ್ನು ಅವನು ಕಾಣುವುದು ಅರಮನೆಯಲ್ಲಿಯೂ ಅಲ್ಲ, ದೇವಾಲಯದಲ್ಲಿಯೂ ಅಲ್ಲ. ಅಗಸರ ಹೊಲದ ದಾರಿಯಲ್ಲಿ, ಮೇಲಣ ಕೆರೆಯ ಕಾಲುವೆ ಕೊನೆಗೊಳ್ಳುವ ಕಡೆ. ಮುತ್ತಿಗೆ ಬಿದ್ದರೆ ನೀರಿನ ಗತಿಯೇನು ಎಂದು ಅರಸ ನೋಡಲು ಬಂದಿದ್ದಿರಬೇಕು ಎಂದು ಅನೇಕ ವ್ಯಾಖ್ಯಾನಕಾರರು ಊಹಿಸುತ್ತಾರೆ. ನನಗೂ ಹಾಗೆಯೇ ಅನ್ನಿಸುತ್ತದೆ. ಪ್ರವಾದಿಯ ಜೊತೆ ಅವನ ಮಗನಿದ್ದಾನೆ. ಆ ಹುಡುಗನ ಹೆಸರು ಶೆಯಾರ್ ಯಾಶೂಬ್, ಅಂದರೆ ‘ಉಳಿದವರು ಹಿಂದಿರುಗುವರು’. ಹೆಸರಿನಲ್ಲೇ ಸಂದೇಶ ಕಟ್ಟಿ ಕಳಿಸುವ ಕಾಲ ಅದು. ಈ ದೃಶ್ಯ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ, ‘ಯೆಶಾಯ 7:14’ ಎಂಬ ಅಂಕಿ ಮಾತ್ರ ಇದೆ.

ಮುಂದಿನ ಭಾಗ ಇನ್ನೂ ಮುಖ್ಯ. ದೇವರಿಂದ ಗುರುತು ಕೇಳು ಎಂದರೂ ಆಹಾಜ ಕೇಳಲೊಲ್ಲ. ಆಗ ದೇವರೇ ಕೊಡುವ ಗುರುತು ಇಮ್ಮಾನುವೇಲ್ ಎಂಬ ಮಗು. ಹುಟ್ಟುವ ಮಗು ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಆರಿಸಿಕೊಳ್ಳುವ ವಯಸ್ಸಿಗೆ ಬರುವ ಮುಂಚೆಯೇ ಆ ಇಬ್ಬರು ಅರಸರ ನಾಡು ಪಾಳುಬೀಳುತ್ತದೆ ಎಂಬ ಮಾತೂ ಅವನಿಗೆ ಸಾಲದು. ದೇವಾಲಯದ ಬೆಳ್ಳಿಬಂಗಾರ ತೆಗೆದು ಅಶ್ಶೂರದ ಅರಸ ತಿಗ್ಲತ್ಪಿಲೆಸರನಿಗೆ ಕಳಿಸಿ ಅವನ ಮೊರೆಹೋಗುತ್ತಾನೆ. ಕ್ರಿ.ಪೂ. 732ರಲ್ಲಿ ಅರಾಮಿನ ರಾಜಧಾನಿ ದಮಸ್ಕ, 722ರಲ್ಲಿ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಬಿದ್ದವು. ಆದರೆ ಕರೆಸಿಕೊಂಡ ಅಶ್ಶೂರವೇ ಹೊಳೆಯಂತೆ ಯೆಹೂದದೊಳಗೆ ನುಗ್ಗಿ ಕುತ್ತಿಗೆಯವರೆಗೆ ಏರುತ್ತದೆ ಎಂದು ಎಂಟನೆಯ ಅಧ್ಯಾಯ ಎಚ್ಚರಿಸುತ್ತದೆ, ‘ಇಮ್ಮಾನುವೇಲನೇ, ನಿನ್ನ ದೇಶ’ ಎಂದು ಅದೇ ಹೆಸರು ಹಿಡಿದು ಕೂಗುತ್ತದೆ. ‘ದೇವರು ನಮ್ಮ ಕೂಡ ಇದ್ದಾನೆ’ ಎಂಬುದನ್ನು ನೀವು ಬರೀ ಸಾಂತ್ವನದ ಮಾತು ಮಾಡಿದ್ದೀರಿ. ನಂಬಲು ಒಪ್ಪದ ಅರಸನಿಗೆ ಅದು ಛಡಿಯೇಟು ಕೂಡ ಆಗಿತ್ತು. ಎರಡನ್ನೂ ತೋರಿಸಿ.

ಒಂಬತ್ತನೆಯ ಅಧ್ಯಾಯದ ನಾಲ್ಕು ಹೆಸರುಗಳಿಗೂ, ‘ಅದ್ಭುತ ಆಲೋಚನಾಕರ್ತ’ದಿಂದ ‘ಸಮಾಧಾನದ ಪ್ರಭು’ವಿನವರೆಗೆ, ಇದೇ ಮಾತು. ‘ಸಮಾಧಾನದ ಪ್ರಭು’ ಎಂದರೆ ಮನಸ್ಸಿಗೆ ನೆಮ್ಮದಿ ಕೊಡುವವನು ಎಂದು ಬರೆದು ಮುಂದೆ ಹೋಗಿದ್ದೀರಿ. ಹೆಸರುಗಳಿಗಿಂತ ಒಂದು ವಚನ ಹಿಂದೆ ನೋಡಿ: ತುಳಿದಾಡುವ ಸಿಪಾಯಿಗಳ ಪಾದರಕ್ಷೆಗಳು, ರಕ್ತದಲ್ಲಿ ಹೊರಳಿದ ಉಡುಪುಗಳು, ಎಲ್ಲವೂ ಬೆಂಕಿಗೆ ಸೌದೆಯಾಗುತ್ತವೆ. ಇನ್ನೊಂದು ವಚನ ಹಿಂದೆ, ಜನರ ಹೆಗಲನ್ನು ಹೊಡೆದ ಕೋಲು ಮುರಿಯುತ್ತದೆ. ಆಮೇಲೆ ಒಂದು ಮಗು ಹುಟ್ಟಿದೆ ಎನ್ನುತ್ತಾ ‘ಆಡಳಿತವು ಅವನ ಹೆಗಲ ಮೇಲೆ’ ಎನ್ನುತ್ತದೆ. ಪೆಟ್ಟು ತಿಂದದ್ದು ಜನರ ಹೆಗಲು, ಭಾರ ಹೊರುವುದು ಮಗುವಿನ ಹೆಗಲು. ನನಗೆ ಇಡೀ ಅಧ್ಯಾಯದಲ್ಲಿ ಅತ್ಯಂತ ಪ್ರಿಯವಾದ ಜಾಗ ಇದು. ಇನ್ನು ಕತ್ತಲಲ್ಲಿದ್ದ ಜನರಿಗೆ ಕಂಡಿತೆಂದು ಆ ಅಧ್ಯಾಯ ಹೇಳುವ ಬೆಳಕು ಮೊದಲು ಕಾಣುವುದು ಎಲ್ಲಿ? ಜೆಬುಲೋನ್, ನಫ್ತಾಲಿ ಸೀಮೆಗಳಲ್ಲಿ, ಅಂದರೆ ಗಲಿಲಾಯದಲ್ಲಿ. ತಿಗ್ಲತ್ಪಿಲೆಸರ ಜನರನ್ನು ಸೆರೆಹಿಡಿದು ಸಾಗಿಸಿದ ನಾಡು ಅದು. ಯೇಸು ನಜರೇತನ್ನು ಬಿಟ್ಟು ಕಪೆರ್ನೌಮಿಗೆ ಬಂದು ನೆಲೆಸಿದಾಗ ಸುವಾರ್ತೆ ಬರೆದ ಮತ್ತಾಯ ನೆನಪಿಸಿಕೊಳ್ಳುವುದು ಈ ಮಾತನ್ನೇ. ‘ನೆರವೇರಿತು’ ಎಂಬ ಪದಕ್ಕೆ ಇಲ್ಲಿ ಊರೂ ದಾರಿಯೂ ಸಿಗುತ್ತವೆ.

‘ನಿತ್ಯನಾದ ತಂದೆ’ಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಗನನ್ನು ತಂದೆ ಎನ್ನುವುದು ಹೇಗೆ ಎಂದು ಭಾನುವಾರದ ಶಾಲೆಯ ಮಕ್ಕಳೂ ಕೇಳುತ್ತಾರೆ. ಒಬ್ಬನೇ ದೇವರಾದರೂ ತಂದೆ ಬೇರೆ ವ್ಯಕ್ತಿ, ಮಗ ಬೇರೆ ವ್ಯಕ್ತಿ ಎಂಬುದು ತ್ರಯೈಕತ್ವದ ಬೋಧನೆ. ಆ ಪ್ರಶ್ನೆಯನ್ನು ಎದುರಿಸಿ. ಅದೇ ಯೆಶಾಯನ 22ನೆಯ ಅಧ್ಯಾಯದಲ್ಲಿ ಎಲ್ಯಾಕೀಮನೆಂಬ ಅಧಿಕಾರಿ ಯೆರೂಸಲೇಮಿನವರಿಗೆ ತಂದೆಯಾಗುವನು ಎಂದಿದೆ. ಪ್ರಜೆಗಳನ್ನು ತಂದೆಯಂತೆ ಸಾಕುವ ಅರಸ, ಆ ಸಾಕುವಿಕೆಗೆ ಕೊನೆಯಿಲ್ಲ, ಎಂಬ ದಿಕ್ಕಿನಲ್ಲಿ ಬರೆಯಬಹುದು.

ಒಂದು ತಪ್ಪು ಇದೆ. ಏಳು ಹೆಸರುಗಳನ್ನೂ ಯೆಶಾಯನ ಬಾಯಲ್ಲಿ ಇಟ್ಟಿದ್ದೀರಿ. ‘ಯೆಹೋವನೇ ನಮ್ಮ ಸದ್ಧರ್ಮ’ ಪ್ರವಾದಿ ಯೆರೆಮೀಯನದು, ನೂರು ವರ್ಷಕ್ಕೂ ಹೆಚ್ಚು ಈಚಿನದು. ‘ಮೊಳಕೆ’ ಎಂದು ಅರಸನಿಗೆ ಹೆಸರಿಟ್ಟವರು ಯೆರೆಮೀಯ ಮತ್ತು ಜೆಕರ್ಯ. ದಾವೀದನ ತಂದೆ ಇಷಯನ ಬುಡದಿಂದ ಚಿಗುರು ಒಡೆಯುವ ಚಿತ್ರ ಮಾತ್ರ ಯೆಶಾಯನದು. ಯೆರೆಮೀಯನ ಕಾಲದಲ್ಲಿ ಯೆಹೂದದ ಕೊನೆಯ ಅರಸ ಚಿದ್ಕೀಯ. ‘ಯೆಹೋವನೇ ನನ್ನ ಸದ್ಧರ್ಮ’ ಎಂಬುದು ಅವನ ಹೆಸರಿನ ಅರ್ಥ. ಹೆಸರಿಗೆ ತಕ್ಕಂತೆ ಬಾಳದ ಆ ಅರಸನಿಗೆ ಎದುರಾಗಿ ಪ್ರವಾದಿ ಬರಲಿರುವವನ ಹೆಸರನ್ನು ಹೇಳುತ್ತಿದ್ದಾನೆ. 33ನೆಯ ಅಧ್ಯಾಯದಲ್ಲಿ ಅದೇ ಹೆಸರು ಯೆರೂಸಲೇಮ್ ಪಟ್ಟಣಕ್ಕೂ ಸಿಗುತ್ತದೆ, ಅದನ್ನೂ ಓದಿ.

ಯೆಹೂದ್ಯರ ಬಗ್ಗೆ ‘ಕಣ್ಣಿದ್ದೂ ಕಾಣದವರು’ ಎಂದು ಬರೆದದ್ದನ್ನು ತೆಗೆಯಲೇಬೇಕು. ಒಂಬತ್ತನೆಯ ಅಧ್ಯಾಯದ ಮಗು ಆಹಾಜನ ಮಗ ಹಿಜ್ಕೀಯ ಎಂದು ಅವರ ಅನೇಕ ವ್ಯಾಖ್ಯಾನಕಾರರು ಓದಿದ್ದಾರೆ, ಅದಕ್ಕೆ ಕಾರಣಗಳನ್ನೂ ಕೊಟ್ಟಿದ್ದಾರೆ. ಅದನ್ನು ನ್ಯಾಯವಾಗಿ ಹೇಳಿ, ಆಮೇಲೆ ಕ್ರೈಸ್ತರು ಯಾಕೆ ಇನ್ನೂ ಮುಂದಕ್ಕೆ ನೋಡುತ್ತಾರೆ ಎಂಬುದನ್ನು ಹೇಳಿ. ಆ ಗ್ರಂಥ ನಮ್ಮ ಕೈಗೆ ಬಂದದ್ದೇ ಅವರಿಂದ.

ಇಷ್ಟು ಹೇಳಿದ ಮೇಲೂ ಲೇಖನ ಕೈಬಿಡಬೇಡಿ ಎಂದದ್ದು ಕೊನೆಯ ಪುಟದ ಒಂದು ಪ್ರಶ್ನೆಯಿಂದಾಗಿ. ‘ಸುವಾರ್ತೆಗಳಲ್ಲಿ ಯಾರೊಬ್ಬರೂ ಯೇಸುವನ್ನು ಇಮ್ಮಾನುವೇಲ್ ಎಂದು ಕೂಗಿ ಕರೆಯುವುದಿಲ್ಲವಲ್ಲ?’ ಎಂದು ಕೇಳಿ, ಉತ್ತರಿಸದೆ ಬಿಟ್ಟಿದ್ದೀರಿ. ಇಡೀ ಲೇಖನದಲ್ಲಿ ನೀವೇ ಯೋಚಿಸಿ ಬರೆದ ಸಾಲು ಇದು. ಮತ್ತಾಯ ಮೊದಲ ಅಧ್ಯಾಯದಲ್ಲಿ ಮಗುವಿಗೆ ಯೇಸು ಎಂದು ಹೆಸರಿಡಲು ದೂತನು ಹೇಳಿದ್ದನ್ನು ಬರೆದು, ಕೂಡಲೇ ಇಮ್ಮಾನುವೇಲ್ ಎಂಬ ಹೆಸರನ್ನು ತರುತ್ತಾನೆ. ಆಮೇಲೆ ಆ ಹೆಸರು ಕಾಣೆಯಾಗುತ್ತದೆ. ಸುವಾರ್ತೆಯ ಕೊನೆಯ ವಚನದಲ್ಲಿ ಯೇಸುವೇ ‘ಲೋಕಾಂತ್ಯದ ತನಕ ಎಲ್ಲಾ ದಿವಸ ನಿಮ್ಮ ಸಂಗಡ ಇರುತ್ತೇನೆ’ ಎನ್ನುತ್ತಾನೆ. ನಡುವೆ ಅವನು ಕುಷ್ಠರೋಗಿಯನ್ನು ಮುಟ್ಟುತ್ತಾನೆ, ಸುಂಕದವರ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾನೆ. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಜಾಗ ಇದು.

ಆದ್ದರಿಂದ ಉಳಿದ ಹೆಸರುಗಳನ್ನು ಈ ಲೇಖನದಿಂದ ಹೊರಗಿಡಿ. ಬೇಕಾದರೆ ಮುಂದೆ ಬೇರೆ ಬೇರೆ ಲೇಖನಗಳನ್ನಾಗಿ ಬರೆಯಿರಿ. ಇಮ್ಮಾನುವೇಲ್ ಒಂದೇ ಸಾಕು. ಆ ಪ್ರಶ್ನೆಯಿಂದಲೇ ಶುರುಮಾಡಿ, ಆಹಾಜನ ಬಳಿಗೆ ಹೋಗಿ, ಅಲ್ಲಿಂದ ಮತ್ತಾಯನ ಬಳಿಗೆ ಬನ್ನಿ. ವಚನಗಳನ್ನು ಪೂರ್ತಿ ಉದ್ಧರಿಸುವ ಬದಲು ನಿಮ್ಮ ಮಾತಿನಲ್ಲಿ ಹೇಳಿ, ಅಧ್ಯಾಯದ ಸಂಖ್ಯೆ ಕೊಟ್ಟರೆ ಸಾಕು. ಹೊಸ ಪ್ರತಿ ಸಿದ್ಧವಾದಾಗ ನೇರವಾಗಿ ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ನಿಮ್ಮ,
ಸಂಪಾದಕ