‘ರೈಟಿಯಸ್’ ಅಲ್ಲ, ‘ರೈಚಸ್’: ಒಂದು ಪದದ ಸುತ್ತ ಓದುಗರ ಪ್ರಶ್ನೆಗಳು

ಪ್ರಶ್ನೆ: ‘ರೈಟ್’ ಪದದ ಮುಂದೆ ಇ-ಒ-ಯು-ಎಸ್ ಸೇರಿಸಿ ಬರೆಯುವ ಪದವನ್ನು ನಾವೆಲ್ಲ ‘ರೈಟಿಯಸ್’ ಎಂದೇ ಓದುತ್ತೇವೆ. ಸರಿಯೇ? ನಿಘಂಟಿನಲ್ಲಿ ಇದಕ್ಕೆ ನೀತಿವಂತ, ಧರ್ಮಿಷ್ಠ, ನ್ಯಾಯವಾದ ಎಂದು ಮೂರು ಅರ್ಥಗಳಿವೆ. ಯಾವುದನ್ನು ಎಲ್ಲಿ ಬಳಸಬೇಕು?
(ಪಿಯುಸಿ ವಿದ್ಯಾರ್ಥಿನಿ, ಹಾಸನ)

ಉತ್ತರ: ‘ರೈಚಸ್’ ಎನ್ನಿ. ಎರಡೇ ಉಚ್ಚಾರಾಂಶ, ಒತ್ತು ಮೊದಲನೆಯದರ ಮೇಲೆ. ನಡುವಿನ ಜಿ-ಎಚ್ ಉಚ್ಚಾರವಾಗುವುದಿಲ್ಲ. ‘ನೇಚರ್’, ‘ಕ್ವೆಶ್ಚನ್’ ಪದಗಳಲ್ಲಿ ಟಿ ಅಕ್ಷರ ‘ಚ’ ಆಗುವಂತೆಯೇ ಇಲ್ಲೂ ಆಗುತ್ತದೆ. ವಿನಯಶೀಲ ಎಂಬರ್ಥದ ‘ಕರ್ಟಿಯಸ್’ನಲ್ಲಿ ಮಾತ್ರ ಟಿ ಹಾಗೇ ಉಳಿದಿದೆ. ಎರಡರ ಕೊನೆಯ ಕಾಗುಣಿತ ಒಂದೇ ಆದ್ದರಿಂದ ನಾಲಿಗೆ ಎಡವುತ್ತದೆ.

ಆ ಕೊನೆ ಈ ಪದದ ಸ್ವಂತದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದು ‘ರಿಹ್ಟ್‌ವೀಸ್’. ‘ರಿಹ್ಟ್’ ಎಂದರೆ ಸರಿ, ನೇರ. ‘ವೀಸ್’ ಎಂದರೆ ರೀತಿ ಅಥವಾ ವಿವೇಕ. ಇಂದಿನ ‘ಕ್ಲಾಕ್‌ವೈಸ್’, ‘ಲೈಕ್‌ವೈಸ್’ ಪದಗಳಲ್ಲಿ ಉಳಿದಿರುವುದು ರೀತಿ ಎಂಬರ್ಥದ ಅದೇ ‘ವೈಸ್’. 16ನೇ ಶತಮಾನದಲ್ಲಿ ‘ಬೌಂಟಿಯಸ್’, ‘ಕರ್ಟಿಯಸ್’ ಜಾತಿಯ ಪದಗಳನ್ನು ನೋಡಿ ಇದರ ಬಾಲವನ್ನೂ ತಿದ್ದಿದರು. ಹಳೆಯ ರೂಪವೇ ಉಳಿದಿದ್ದರೆ ‘ಸರಿಯಾದ ರೀತಿಯಲ್ಲಿ ನಡೆಯುವ’ ಎಂಬ ಅರ್ಥ ಕಣ್ಣಿಗೇ ಕಾಣುತ್ತಿತ್ತು.

ಅರ್ಥದ ತಿರುಳು ಅಲ್ಲೇ ಇದೆ. ಮೃದು ಸ್ವಭಾವದವನನ್ನೂ ದಯಾಳುವನ್ನೂ ‘ಗುಡ್’ ಎನ್ನಬಹುದು. ‘ರೈಚಸ್’ ಎನ್ನಬೇಕಾದರೆ ಒಂದು ಅಳತೆಗೋಲು ಬೇಕು: ದೇವರ ಕಟ್ಟಳೆ, ನ್ಯಾಯ, ಅಥವಾ ಆತ್ಮಸಾಕ್ಷಿ. ಆ ಗೆರೆ ಬಿಟ್ಟು ಕದಲದವನು ‘ರೈಚಸ್’.

ಕನ್ನಡದ ಪದ ಆರಿಸುವಾಗ ಮುಂದಿನ ನಾಮಪದ ನೋಡಿ. ಮನುಷ್ಯನಿಗೆ ಹೇಳಿದ್ದಾದರೆ ‘ನೀತಿವಂತ’ ಹೊಂದುತ್ತದೆ. ಕನ್ನಡ ಬೈಬಲಿನಲ್ಲಿ ನೆಲೆಗೊಂಡಿರುವುದೂ ಈ ಪದವೇ. ಹೋರಾಟ, ಬೇಡಿಕೆ, ತೀರ್ಪುಗಳಿಗೆ ‘ನ್ಯಾಯವಾದ’ ಅಥವಾ ‘ನ್ಯಾಯಯುತ’. ರಾಜ, ಆಳ್ವಿಕೆ, ಪುರಾಣದ ಸಂದರ್ಭಕ್ಕೆ ‘ಧರ್ಮಿಷ್ಠ’. ‘ಧಾರ್ಮಿಕ’ ಎಂದು ಮಾತ್ರ ಬರೆಯಬೇಡಿ. ಸಂಸ್ಕೃತದಲ್ಲಿ ಅದಕ್ಕೆ ಧರ್ಮದಂತೆ ನಡೆಯುವವನು ಎಂಬ ಅರ್ಥವಿದ್ದರೂ ಇಂದಿನ ಕನ್ನಡದಲ್ಲಿ ‘ಧಾರ್ಮಿಕ ನಾಯಕ’ ಎಂದರೆ ಮಠಾಧೀಶರೋ ಮೌಲ್ವಿಗಳೋ ಪಾದ್ರಿಗಳೋ ಕಣ್ಣಮುಂದೆ ಬರುತ್ತಾರೆ.

ಇನ್ನೊಂದು ಮಾತು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಈ ಪದ ಹೆಜ್ಜೆಹೆಜ್ಜೆಗೂ ಸಿಗುತ್ತದೆ, ಹಾಗಾಗಿ ಇಂದಿಗೂ ಇದಕ್ಕೆ ಗ್ರಂಥದ ಗಾಂಭೀರ್ಯವಿದೆ. ಪಕ್ಕದ ಮನೆಯವರನ್ನು ಹೊಗಳಲು ಇಂಗ್ಲಿಷರು ಇದನ್ನು ಎತ್ತಿಕೊಳ್ಳುವುದಿಲ್ಲ. ‘ಆನೆಸ್ಟ್’, ‘ಡೀಸೆಂಟ್’ ಎನ್ನುತ್ತಾರೆ. ಪರೀಕ್ಷೆಯ ಪ್ರಬಂಧದಲ್ಲಿ ‘ಮೈ ಫಾದರ್ ಈಸ್ ರೈಚಸ್’ ಎಂದು ಬರೆದರೆ ವ್ಯಾಕರಣ ತಪ್ಪಲ್ಲ, ಆದರೆ ಪ್ರವಚನ ಕೇಳಿದಂತಾಗುತ್ತದೆ.

ಪ್ರಶ್ನೆ: ನಿವೃತ್ತರಾಗುತ್ತಿರುವ ಮುಖ್ಯೋಪಾಧ್ಯಾಯರ ಬೀಳ್ಕೊಡುಗೆ ಪತ್ರದಲ್ಲಿ ‘ಸೆಲ್ಫ್-ರೈಚಸ್’ ಎಂದು ಬರೆದೆ. ಸ್ವಾಭಿಮಾನಿ, ನೀತಿವಂತ ಎಂಬ ಅರ್ಥದಲ್ಲಿ. ಅದು ಬೈಗುಳ ಎಂದು ಸಹೋದ್ಯೋಗಿಗಳು ತಡೆದರು. ನಿಜವೇ?
(ಶಿಕ್ಷಕರು, ಶಿರಸಿ)

ಉತ್ತರ: ತಡೆದದ್ದು ಒಳ್ಳೆಯದಾಯಿತು. ‘ಸೆಲ್ಫ್-ರೈಚಸ್’ ಎಂದರೆ ತಾನೊಬ್ಬನೇ ಸಾಚಾ ಎಂದುಕೊಂಡವನು. ಇದಕ್ಕೆ ಮೆಚ್ಚುಗೆಯ ಅರ್ಥವೇ ಇಲ್ಲ. ದಾರಿ ತಪ್ಪಿಸುವುದು ‘ಸೆಲ್ಫ್’ ಎಂಬ ಪೂರ್ವಪದ. ‘ಸೆಲ್ಫ್-ರಿಲಯಂಟ್’ನಲ್ಲಿ ಅದು ತನ್ನ ಕಾಲ ಮೇಲೆ ನಿಂತ ಎಂಬ ಹೊಗಳಿಕೆ. ‘ಸೆಲ್ಫ್-ರೈಚಸ್’, ‘ಸೆಲ್ಫ್-ಇಂಪಾರ್ಟಂಟ್’ಗಳಲ್ಲಿ ಅದರ ಅರ್ಥ ‘ತನ್ನ ಕಣ್ಣಿಗೆ ತಾನೇ’.

ಇದನ್ನು ‘ಸೋಗಲಾಡಿ’ ಎಂದು ಅನುವಾದಿಸುವುದೂ ತಪ್ಪು. ಸೋಗಲಾಡಿ ಹೇಳುವುದೊಂದು ಮಾಡುವುದೊಂದು. ಆತ ‘ಹಿಪೊಕ್ರಿಟ್’. ‘ಸೆಲ್ಫ್-ರೈಚಸ್’ ಮನುಷ್ಯ ನಿಯಮವನ್ನು ನಿಜವಾಗಿಯೂ ಪಾಲಿಸುತ್ತಿರಬಹುದು. ಅದನ್ನೇ ಮೆಟ್ಟಿಲು ಮಾಡಿಕೊಂಡು ಉಳಿದವರನ್ನು ಕೀಳಾಗಿ ನೋಡುವುದು ಅವನ ದೋಷ. ‘ಮಡಿವಂತ’ವೂ ಪೂರ್ತಿ ಕೂಡುವುದಿಲ್ಲ, ಏಕೆಂದರೆ ಮಡಿವಂತ ತನ್ನ ಪಾಡಿಗೆ ತಾನಿರಬಲ್ಲ.

ನಿಮ್ಮ ಪತ್ರಕ್ಕೆ ‘ಆ್ಯನ್ ಅಪ್‌ರೈಟ್ ಟೀಚರ್’ ಅಥವಾ ‘ಎ ಪ್ರಿನ್ಸಿಪಲ್ಡ್ ಟೀಚರ್’ ಸಾಕು. ಎರಡನೆಯದರ ಕಾಗುಣಿತ ಪಿ-ಎಲ್-ಇ-ಡಿ ಎಂದು ಮುಗಿಯಬೇಕು. ಪಿ-ಎ-ಎಲ್ ಎಂದರೆ ಪ್ರಾಂಶುಪಾಲರ ಹುದ್ದೆಯಾಗುತ್ತದೆ. ‘ಅಪ್‌ರೈಟ್’ಗೆ ನೆಟ್ಟಗೆ ನಿಂತ ಎಂಬ ಅರ್ಥವೂ ಇರುವುದರಿಂದ ಅದನ್ನು ನಾಮಪದದ ಹಿಂದೆಯೇ ಇಡಿ.

ಪ್ರಶ್ನೆ: ಜಮೀನಿನ ಪತ್ರದಲ್ಲಿ ‘ರೈಚಸ್ ಓನರ್’ ಎನ್ನಬಹುದೇ?
(ಪತ್ರ ಬರಹಗಾರರು, ಗದಗ)

ಉತ್ತರ: ಬೇಡ. ಅಲ್ಲಿ ಬೇಕಾದದ್ದು ‘ರೈಟ್‌ಫುಲ್ ಓನರ್’, ಅಂದರೆ ಹಕ್ಕುಳ್ಳ ಮಾಲೀಕ. ಹಕ್ಕಿನ ಮಾತಿಗೆ ‘ರೈಟ್‌ಫುಲ್’, ನಡತೆಯ ಮಾತಿಗೆ ‘ರೈಚಸ್’. ಕೆಟ್ಟ ನಡತೆಯವನೂ ತನ್ನ ಹೊಲಕ್ಕೆ ‘ರೈಟ್‌ಫುಲ್ ಓನರ್’ ಆಗಿರಬಲ್ಲ.

ಪ್ರಶ್ನೆ: ಅನುವಾದ ಮಾಡುವಾಗ ಎರಡು ಕಡೆ ಸಿಕ್ಕಿಬಿದ್ದೆ: ‘ರೈಚಸ್ ಇಂಡಿಗ್ನೇಶನ್’ ಮತ್ತು ‘ರೈಚಸ್ ಅಮಂಗ್ ದ ನೇಶನ್ಸ್’. ‘ನೀತಿವಂತ ಕೋಪ’ ಎಂದರೆ ಕನ್ನಡವೇ ಅನಿಸುವುದಿಲ್ಲ.
(ಹವ್ಯಾಸಿ ಅನುವಾದಕಿ, ಮುಂಬೈ)

ಉತ್ತರ: ಮೊದಲನೆಯದಕ್ಕೆ ನಮ್ಮಲ್ಲಿ ‘ಸಾತ್ವಿಕ ಸಿಟ್ಟು’ ಎಂಬ ಸಿದ್ಧ ಮಾತೇ ಇದೆ. ಅನ್ಯಾಯ ಕಂಡು ಒಳ್ಳೆಯವರಿಗೆ ಬರುವ ಸಿಟ್ಟು. ಆದರೆ ಬಳಸುವ ಮುನ್ನ ಆ ಪ್ಯಾರಾದ ಧಾಟಿ ನೋಡಿ. ಈಗಿನ ಇಂಗ್ಲಿಷ್ ಬರಹದಲ್ಲಿ, ತಾನೇ ಸರಿ ಎಂದು ಹಾರಾಡುವವರ ಸಿಟ್ಟಿಗೂ ಇದೇ ನುಡಿಗಟ್ಟನ್ನು ಆಕ್ಷೇಪದ ದನಿಯಲ್ಲಿ ಬಳಸುವುದುಂಟು. ಅಲ್ಲಿ ‘ಸಾತ್ವಿಕ’ ಎಂದರೆ ಲೇಖಕರ ಅಭಿಪ್ರಾಯವೇ ತಿರುಗುಮುರುಗಾಗುತ್ತದೆ. ‘ತಾವೇ ನ್ಯಾಯವಂತರೆಂಬ ಸಿಟ್ಟು’ ಎಂದು ಬಿಡಿಸಿ ಬರೆಯಿರಿ.

ಎರಡನೆಯದು ಒಂದು ಬಿರುದು. ನಾಜಿಗಳ ಕಾಲದಲ್ಲಿ ತಮ್ಮ ಜೀವವನ್ನು ಪಣಕ್ಕಿಟ್ಟು ಯೆಹೂದ್ಯರನ್ನು ಉಳಿಸಿದ ಯೆಹೂದ್ಯೇತರರಿಗೆ ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆ ಕೊಡುವ ಗೌರವ ಇದು. ಆಸ್ಕರ್ ಶಿಂಡ್ಲರ್ ಹೀಗೆ ಗೌರವ ಪಡೆದವರಲ್ಲಿ ಒಬ್ಬರು. ಇಲ್ಲಿ ‘ನೇಶನ್ಸ್’ ಎಂದರೆ ದೇಶಗಳಲ್ಲ, ಯೆಹೂದ್ಯರಲ್ಲದ ಜನಾಂಗಗಳು. ‘ರಾಷ್ಟ್ರಗಳಲ್ಲಿ ನೀತಿವಂತ’ ಎಂದು ಬರೆದರೆ ಗೌರವ ಯಾವುದೋ ದೇಶಕ್ಕೆ ಸಂದಂತೆ ಓದಿಸಿಕೊಳ್ಳುತ್ತದೆ. ‘ಅನ್ಯಜನರ ನಡುವಣ ನೀತಿವಂತರು’ ಹತ್ತಿರದ ರೂಪ. ‘ದ ರೈಚಸ್’ ಎಂದು ನಾಮಪದವಾಗಿ ಬಳಸಿದಾಗ ಸಾಮಾನ್ಯವಾಗಿ ಬಹುವಚನ, ಕ್ರಿಯಾಪದ ‘ಆರ್’ ಎಂಬುದನ್ನೂ ಮರೆಯಬೇಡಿ.

ಪ್ರಶ್ನೆ: ‘ಧರ್ಮ’ಕ್ಕೆ ಇಂಗ್ಲಿಷಿನಲ್ಲಿ ‘ರೈಚಸ್‌ನೆಸ್’ ಎಂದರೆ ಸಾಕೇ?
(ಯಕ್ಷಗಾನ ಪ್ರಸಂಗಗಳ ಓದುಗರು, ಉಡುಪಿ)

ಉತ್ತರ: ಕೆಲವು ಕಡೆ ಮಾತ್ರ. ‘ಧರ್ಮ ಗೆಲ್ಲುತ್ತದೆ’ ಎಂಬಲ್ಲಿ ಸಾಕು. ‘ಸುಡುವುದು ಬೆಂಕಿಯ ಧರ್ಮ’ ಎಂಬಲ್ಲಿ ಅದು ಸ್ವಭಾವ, ‘ನೇಚರ್’. ‘ರಾಜಧರ್ಮ’ದಲ್ಲಿ ಕರ್ತವ್ಯ, ‘ಡ್ಯೂಟಿ’. ‘ಧರ್ಮಛತ್ರ’ದಲ್ಲಿ ದಾನ, ‘ಚಾರಿಟಿ’. ‘ಧರ್ಮದೇಟು’ ಎಂಬಲ್ಲಿ ಯಾವುದೂ ಒಪ್ಪುವುದಿಲ್ಲ, ಜನರೇ ಸೇರಿ ಬಾರಿಸಿದ ಏಟು ಎಂದು ವಿವರಿಸಬೇಕು.

‘ಧರ್ಮಯುದ್ಧ’ಕ್ಕೆ ‘ಹೋಲಿ ವಾರ್’ ಎಂದು ಬರೆಯುವವರಿದ್ದಾರೆ. ಅದು ಮತದ ಹೆಸರಿನ ಯುದ್ಧ. ಕುರುಕ್ಷೇತ್ರದಲ್ಲಿ ಎರಡೂ ಪಾಳೆಯದವರ ದೇವರು ಒಂದೇ, ಜಗಳ ರಾಜ್ಯದ ಪಾಲಿನದು, ಮಾತು ಬಂದದ್ದು ಯುದ್ಧದ ನಿಯಮಗಳದ್ದು. ಅಲ್ಲಿ ‘ರೈಚಸ್ ವಾರ್’ ಅನ್ನಿ. ನಿಯಮ ಮುರಿದ ಕಡೆ, ಉದಾಹರಣೆಗೆ ದುರ್ಯೋಧನನ ತೊಡೆಗೆ ಗದೆ ಬಿದ್ದಾಗ ‘ಅಧರ್ಮ’ ಎಂಬ ಕೂಗೆದ್ದರೆ, ‘ಅನ್‌ರೈಚಸ್’ಗಿಂತ ‘ಫೌಲ್’ ಎಂಬ ಚಿಕ್ಕ ಪದವೇ ಚೆನ್ನಾಗಿ ತಟ್ಟುತ್ತದೆ.